ಯಾರ ಮುಖ ನೋಡಿ ಎದ್ದೆನೋ!



ನಮ್ಮ ಭಾಷೆಯಲ್ಲಿ ಒಂದು ಮಾತುಂಟು; ಅದನ್ನು ಆಡದ ಮನೆಯಿಲ್ಲ. ಬೆಳಗ್ಗೆ ಹಾಲು ಉಕ್ಕಿ ಒಲೆ ಆರಿತು. ಮಗುವಿನ ಅಂಗಿಯ ಗುಂಡಿ ಕಿತ್ತುಬಂತು. ಮನೆಯಿಂದ ಹೊರಟು ಬೀದಿಯ ತಿರುವಿಗೆ ಬಂದ ಮೇಲೆ ಕನ್ನಡಕ ಮೇಜಿನ ಮೇಲೆಯೇ ಉಳಿಯಿತೆಂಬುದು ನೆನಪಾಯಿತು. ಹಿಂದಿರುಗಿ ಹೋಗಿ ತರುವಷ್ಟರಲ್ಲಿ ಬಸ್ಸು ಹೊರಟುಹೋಯಿತು. ಕಛೇರಿಯ ಮೆಟ್ಟಿಲನ್ನು ಹತ್ತುವ ಹೊತ್ತಿಗೆ ಮೇಲಧಿಕಾರಿಗಳು ಎರಡು ಸಲ ಹೇಳಿಕಳುಹಿಸಿಯಾಗಿತ್ತು. ಆಗ ನಾವು ಹಣೆಯ ಬೆವರನ್ನು ಒರಸಿಕೊಂಡು, "ಈ ಹೊತ್ತು ಯಾರ ಮುಖ ನೋಡಿ ಎದ್ದೆನೋ!" ಎನ್ನುತ್ತೇವೆ.

ಈ ಮಾತಿನಲ್ಲಿರುವ ಸಮಾಧಾನವು ಸಾಮಾನ್ಯವಾದುದಲ್ಲ. ಹಾಲನ್ನು ಒಲೆಯ ಮೇಲಿಟ್ಟು ಪತ್ರಿಕೆಯನ್ನು ಓದುತ್ತ ಕುಳಿತವರು ನಾವು. ಕನ್ನಡಕವನ್ನು ಮರೆತವರು ನಾವು. ಆದರೆ ಈ ಒಂದು ಉದ್ಗಾರದಿಂದ ಅಪರಾಧವೆಲ್ಲವೂ ಯಾವುದೋ ಒಂದು ಮುಖಕ್ಕೆ ವರ್ಗವಾಗಿಬಿಡುತ್ತದೆ. ಆ ಮುಖ ಯಾರದೆಂಬ ವಿಚಾರಣೆಯನ್ನು ಗೃಹಸ್ಥರಾದವರು ಬಹು ದೂರ ನಡೆಸುವುದು ಕ್ಷೇಮವಲ್ಲ. ಏಕೆಂದರೆ ಬಹುಮಟ್ಟಿಗೆ ಅದು ಹೆಂಡತಿಯದೋ, ಗಂಡನದೋ, ಮಗುವಿನದೋ ಆಗಿರುತ್ತದೆ, ಒಬ್ಬಂಟಿಗರಾದರೆ ಹಾಲಿನವನದು. ಅವನಾದರೂ ಅದೇ ಬೆಳಗ್ಗೆ ನಮ್ಮ ಮುಖವನ್ನು ನೋಡಿ ಹೋಗಿರುತ್ತಾನೆಂಬುದೂ, ಅವನ ದಿನ ಹೇಗೆ ನಡೆಯಿತೆಂಬುದೂ ನಮ್ಮ ಆಲೋಚನೆಗೆ ಬರುವುದಿಲ್ಲ. ನಮ್ಮ ಹಿರಿಯರು ಈ ತೊಡಕನ್ನು ಅರಿತಿದ್ದರೋ ಏನೋ, ಕಣ್ಣು ತೆರೆದೊಡನೆ ಮೊದಲು ತನ್ನ ಎರಡು ಅಂಗೈಗಳನ್ನು ನೋಡಿಕೊಂಡು ಏಳಬೇಕೆಂಬ ಪದ್ಧತಿಯನ್ನು ಇಟ್ಟರು. ಅದಕ್ಕೆ ಅವರು ಹೇಳುತ್ತಿದ್ದ ಕಾರಣ ಬೇರೆ; ಅದರಲ್ಲಿ ದೇವತೆಗಳ ಸ್ಮರಣೆಯಿತ್ತು. ನನಗೆ ತೋರುವ ಲಾಭ ಇನ್ನೊಂದು. ಅಂಗೈ ನೋಡಿಕೊಂಡು ಎದ್ದವನ ದಿನ ಕೆಟ್ಟರೆ ದೂರುವುದಕ್ಕೆ ಬೇರೊಂದು ಮುಖ ಸಿಕ್ಕುವುದಿಲ್ಲ.

ಹಾಲು ಉಕ್ಕಿದುದಕ್ಕೂ ಬಸ್ಸು ತಪ್ಪಿದುದಕ್ಕೂ ಸಂಬಂಧವೇ ಇಲ್ಲವೆಂದು ನಾನು ಹೇಳುವವನಲ್ಲ. ಸಂಬಂಧವುಂಟು. ಹಾಲು ಉಕ್ಕಿತು, ಆದುದರಿಂದ ಕಾಫಿ ತಡವಾಯಿತು. ಕಾಫಿ ತಡವಾದುದರಿಂದ ಸ್ನಾನಕ್ಕೆ ಅವಸರ. ಅವಸರದಲ್ಲಿ ಅಂಗಿಯನ್ನು ಎಳೆದದ್ದರಿಂದ ಗುಂಡಿ ಹೋಯಿತು. ಗುಂಡಿಯ ಗದ್ದಲದಲ್ಲಿ ಕನ್ನಡಕ ಮರೆತುಹೋಯಿತು. ಒಂದು ತೊಂದರೆ ಇನ್ನೊಂದನ್ನು ಕೈಹಿಡಿದು ಕರೆದುಕೊಂಡು ಬಂದಿತು; ಆದರೆ ಅವುಗಳ ನಡುವಣ ಕೊಂಡಿ ಗ್ರಹವಲ್ಲ, ಶಕುನವಲ್ಲ, ಮುಖವಲ್ಲ; ನಮ್ಮ ಗಾಬರಿ. ಮೊದಲನೆಯ ಅನಿಷ್ಟವು ಹೊರಗಿನಿಂದ ಬಂದಿರಬಹುದು. ಎರಡನೆಯದು ಹೊರಗಿನದೂ ನಮ್ಮದೂ ಕೂಡಿ ಆದದ್ದು. ನಾಲ್ಕನೆಯದೂ ಐದನೆಯದೂ ಬಹುಶಃ ಪೂರ್ತಿ ನಮ್ಮ ಸ್ವಂತ ಉತ್ಪತ್ತಿ.

ಅದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಕೆಲಸ ಮನಸ್ಸಿನೊಳಗೆ ನಡೆಯುತ್ತದೆ. ಬೆಳಗಿನ ಎಂಟು ಗಂಟೆಗೆ ನಾವು ಆ ದಿನಕ್ಕೆ "ಕೆಟ್ಟ ದಿನ" ಎಂಬ ಹೆಸರನ್ನು ಇಟ್ಟುಬಿಡುತ್ತೇವೆ. ಸಾಕ್ಷಿಗಳ ವಿಚಾರಣೆಯಾಗಿಲ್ಲ, ಇನ್ನೂ ಹದಿನಾಲ್ಕು ಗಂಟೆಗಳ ಹೊತ್ತು ಕಳೆಯಬೇಕಾಗಿದೆ; ತೀರ್ಪು ಮಾತ್ರ ಆಗಿಹೋಯಿತು. ತೀರ್ಪು ಆದ ಮೇಲೆ ಮನಸ್ಸು ನ್ಯಾಯಾಧೀಶನ ಪೀಠವನ್ನು ಬಿಟ್ಟಿಳಿದು ವಕೀಲನಾಗುತ್ತದೆ. ಅನಂತರ ನಡೆಯುವ ಸಂಗತಿಗಳಲ್ಲಿ ಆ ತೀರ್ಪಿಗೆ ಅನುಕೂಲವಾದುವುಗಳನ್ನು ಮಾತ್ರ ಆಯ್ದು ಇಟ್ಟುಕೊಳ್ಳುತ್ತದೆ. ಮಧ್ಯಾಹ್ನ ಹಳೆಯ ಸ್ನೇಹಿತನೊಬ್ಬನು ಎದುರಾಗಿ ನಕ್ಕು ಮಾತನಾಡಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ಅವನು ಹೋಗುವಾಗ ಕೊಡೆ ತಗುಲಿ ಶಾಯಿ ಚೆಲ್ಲಿದ್ದು ಬರುತ್ತದೆ.

ಇಷ್ಟೇ ಆಗಿದ್ದರೆ ಇದು ಅವರವರ ಸ್ವಂತ ಸುಖದುಃಖದ ಮಾತೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಕೆಟ್ಟ ದಿನವೆಂಬುದು ಕೆಟ್ಟ ನಾಣ್ಯದಂತೆ. ಕೈಗೆ ಬಂದವನು ಅದನ್ನು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ಯಾರಿಗಾದರೂ ದಾಟಿಸಲು ನೋಡುತ್ತಾನೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆಯನ್ನು ಕಟ್ಟಿದ ನಮ್ಮ ಪೂರ್ವಿಕರು ಮನಶ್ಶಾಸ್ತ್ರವನ್ನು ಓದಿದವರಲ್ಲ. ಅಡಿಗೆಯ ಮನೆಯನ್ನು ನೋಡಿದ್ದರು, ಅಷ್ಟೆ. ಅಧಿಕಾರಿಗಳು ಗುಮಾಸ್ತನನ್ನು ಗದರಿಸುತ್ತಾರೆ. ಗುಮಾಸ್ತನು ಜವಾನನ ಮೇಲೆ ರೇಗುತ್ತಾನೆ. ಜವಾನನು ಅರ್ಜಿ ಹಿಡಿದು ನಿಂತಿರುವ ಹಳ್ಳಿಯವನನ್ನು ನಾಳೆ ಬಾ ಎಂದು ಅಟ್ಟುತ್ತಾನೆ. ಈ ಪ್ರವಾಹ ಯಾವಾಗಲೂ ಇಳಿಜಾರಿನ ಕಡೆಗೇ ಹರಿಯುತ್ತದೆಯೆಂಬುದನ್ನು ಗಮನಿಸಬೇಕು. ಹಿಂದಿರುಗಿ ಮಾತನಾಡಬಲ್ಲವರ ಮೇಲೆ ನಮ್ಮ ಕೆಟ್ಟ ದಿನವನ್ನು ನಾವು ಸುರಿಯುವುದು ಅಪರೂಪ. ಅದು ಕಟ್ಟಕಡೆಗೆ ಹೋಗಿ ನಿಲ್ಲುವುದು ಮಾತನಾಡಲಾರದವರ ಬಳಿಯಲ್ಲಿ.

ಸಂಜೆ ಮನೆಗೆ ಬಂದ ತಂದೆಯನ್ನು ಎಣಿಸಿಕೊಳ್ಳಿ. ಬಾಗಿಲ ಸದ್ದಾದೊಡನೆ ನಾಲ್ಕು ವರ್ಷದ ಮಗು ತಾನು ಗೀಚಿದ ಆನೆಯ ಚಿತ್ರವನ್ನು ಹಿಡಿದುಕೊಂಡು ಓಡಿಬರುತ್ತದೆ. ತಂದೆ ಬಯ್ಯುವುದಿಲ್ಲ, ಹೊಡೆಯುವುದಿಲ್ಲ. ನಮ್ಮ ನಾಗರಿಕ ಮನೆಗಳಲ್ಲಿ ಅಷ್ಟು ಸಭ್ಯತೆಯುಂಟು. ಅವನು ಸುಮ್ಮನೆ ನೋಡಿ, "ಹೂಂ" ಎಂದು ಒಳಕ್ಕೆ ನಡೆಯುತ್ತಾನೆ. ಮಗುವಿಗೆ ಕಛೇರಿಯ ಸಂಗತಿ ತಿಳಿಯದು, ಬಸ್ಸಿನ ಸಂಗತಿ ತಿಳಿಯದು. ಅದಕ್ಕೆ ಕಾಣುವುದು ಒಂದು ಮುಖ. ಆ ಮುಖಕ್ಕೆ ಕಾರಣವನ್ನು ಹುಡುಕಬೇಕಾದರೆ ಅದಕ್ಕೆ ಸಿಕ್ಕುವ ವಸ್ತುಗಳು ಎರಡೇ: ತಾನು, ತನ್ನ ಆನೆ.

ಇದು ನನ್ನ ಕಲ್ಪನೆ ಮಾತ್ರವಲ್ಲ. ಅಮೆರಿಕದ ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಹೋದ್ಯೋಗಿಗಳೂ ೧೯೭೮ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವು ತಿಂಗಳ ಕೂಸಿನೊಡನೆ ನಗುತ್ತ ಆಡುತ್ತಿದ್ದ ತಾಯಿಗೆ, ಕೆಲವು ನಿಮಿಷಗಳ ಕಾಲ ಮುಖದಲ್ಲಿ ಯಾವ ಭಾವವನ್ನೂ ತೋರದೆ ಸುಮ್ಮನೆ ಅದನ್ನು ನೋಡುತ್ತ ಕುಳಿತಿರಬೇಕೆಂದು ಹೇಳಿದರು. ಕೋಪವಿಲ್ಲ, ಗದರಿಕೆಯಿಲ್ಲ, ಬರಿಯ ನಿಶ್ಚಲವಾದ ಮುಖ. ಕೂಸು ಮೊದಲು ನಕ್ಕಿತು, ಕೈಚಾಚಿತು, ತಾಯಿಯನ್ನು ಮರಳಿ ಪಡೆಯಲು ತನಗೆ ತಿಳಿದ ಆಟಗಳನ್ನೆಲ್ಲ ಆಡಿತು. ಕೊನೆಗೆ ಮುಖವನ್ನು ಬೇರೆ ಕಡೆಗೆ ತಿರುಗಿಸಿ ಕುಗ್ಗಿ ಕುಳಿತಿತು. ಆ ತಾಯಂದಿರು ನಟಿಸುತ್ತಿದ್ದರು. ಕೆಲವು ನಿಮಿಷಗಳಾದ ಮೇಲೆ ನಕ್ಕು ಕೂಸನ್ನು ಸಮಾಧಾನಗೊಳಿಸಿದರು. ಮನೆಗಳಲ್ಲಿ ಈ ಪ್ರಯೋಗವು ಸಂಜೆಯಿಂದ ರಾತ್ರಿಯವರೆಗೆ ನಡೆಯುವುದುಂಟು.

ಯಾರ ಮುಖ ನೋಡಿ ಎದ್ದೆನೋ ಎಂದು ನಾವು ಕೇಳಿಕೊಳ್ಳುವಾಗಲೆಲ್ಲ ಇನ್ನೊಂದು ಪ್ರಶ್ನೆ ಅದರ ಬೆನ್ನಿಗೆ ನಿಂತಿರುತ್ತದೆ: ನಮ್ಮ ಮುಖವನ್ನು ನೋಡಿ ಎದ್ದವರಾರು? ಅವರ ದಿನ ಏನಾಯಿತು? ದಿನ ಕೆಟ್ಟಾಗ ಒಳ್ಳೆಯ ದೃಷ್ಟಿಯನ್ನು ಆರಿಸಿಕೊಳ್ಳಬೇಕೆಂಬ ಉಪದೇಶವನ್ನು ಸಾಮಾನ್ಯವಾಗಿ ನಮ್ಮ ಸ್ವಂತ ಸುಖಕ್ಕಾಗಿ ಮಾಡುವರು. ಆರೋಗ್ಯಕ್ಕೆ ಹಿತ, ಜೀರ್ಣಶಕ್ತಿಗೆ ಹಿತ, ಆಯುಷ್ಯ ಹೆಚ್ಚುತ್ತದೆ ಎಂದು. ಇರಬಹುದು. ನನಗೆ ಅದು ಎರಡನೆಯ ಕಾರಣ. ಮೊದಲನೆಯ ಕಾರಣ ಬಾಗಿಲಲ್ಲಿ ಆನೆಯ ಚಿತ್ರವನ್ನು ಹಿಡಿದು ನಿಂತಿದೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಪರಿಹರಿಸಬೇಕು. ಒಳ್ಳೆಯ ದೃಷ್ಟಿಯೆಂದರೆ ಆದ ಕೆಡುಕನ್ನು ಒಳ್ಳೆಯದೆಂದು ಕರೆಯುವುದಲ್ಲ. "ಎಲ್ಲಾ ಒಳ್ಳೆಯದಕ್ಕೇ" ಎಂದು ಹೇಳುತ್ತ ತಿರುಗುವ ಒಂದು ಜಾತಿಯ ಜನರಿದ್ದಾರೆ. ಅವರನ್ನು ಕಂಡರೆ ನನಗೆ ಸ್ವಲ್ಪ ಭಯ. ಮಗು ಜ್ವರದಿಂದ ನರಳುತ್ತಿರುವ ತಾಯಿಗೆ, ಕೆಲಸ ಕಳೆದುಕೊಂಡು ತಿಂಗಳ ಬಾಡಿಗೆಗೆ ದಾರಿ ಕಾಣದವನಿಗೆ, ಆ ಮಾತನ್ನು ಹೇಳುವುದು ಸಾಂತ್ವನವಲ್ಲ, ಕ್ರೌರ್ಯ. ಅನ್ಯಾಯವಾದಾಗ ಅದನ್ನು ಅನ್ಯಾಯವೆಂದೇ ಕರೆದು ಎದುರಿಸಬೇಕು. ನಗುಮುಖವು ಅದಕ್ಕೆ ಬದಲಿಯಲ್ಲ. ಇನ್ನು ಕೆಲವರಿಗೆ ಒಂದು ದಿನವಲ್ಲ, ತಿಂಗಳುಗಟ್ಟಲೆ ಬೆಳಕೇ ಕಾಣದಂತೆ ಮನಸ್ಸು ಕವಿದುಕೊಂಡಿರುತ್ತದೆ. ಅದು ರೋಗ, ಅದಕ್ಕೆ ವೈದ್ಯರು ಬೇಕು, ಉಪನ್ಯಾಸಕರಲ್ಲ. ಈ ಹೊತ್ತು ನಾನು ಆಡುತ್ತಿರುವುದು ಅದರ ಮಾತಲ್ಲ; ಸಾಮಾನ್ಯರಾದ ನಮಗೆ ಬರುವ ಕೆಟ್ಟ ದಿನಗಳ ಮಾತು. ಅಂಥ ದಿನದಲ್ಲಿ ನಮ್ಮ ಕೈಯಲ್ಲಿರುವುದು ಎಷ್ಟು, ಇಲ್ಲದಿರುವುದು ಎಷ್ಟು?

ನಮ್ಮ ಕಥೆಗಳಲ್ಲೆಲ್ಲ ಅತ್ಯಂತ ಕೆಟ್ಟುಹೋದ ದಿನ ಯಾವುದೆಂದು ಕೇಳಿದರೆ ಉತ್ತರಕ್ಕೆ ಬಹಳ ಹೊತ್ತು ಬೇಕಾಗದು. ಅಯೋಧ್ಯೆಯ ಬೀದಿಗಳಿಗೆ ನೀರು ಚಿಮುಕಿಸಿಯಾಗಿದೆ. ಪುಣ್ಯನದಿಗಳ ನೀರು ಕಲಶಗಳಲ್ಲಿ ತುಂಬಿದೆ. ಜನ ಮಾಳಿಗೆಗಳ ಮೇಲೆ ನಿಂತಿದ್ದಾರೆ. ಯುವರಾಜನಾಗಬೇಕಾದವನು ತಂದೆಯ ಕರೆಯಂತೆ ಅರಮನೆಗೆ ಹೋಗುತ್ತಾನೆ. ಹೊರಗೆ ಬರುವಾಗ ಹದಿನಾಲ್ಕು ವರ್ಷಗಳ ವನವಾಸಿ. ಅವನ ಮುಖ ಆ ಹೊತ್ತಿನಲ್ಲಿ ಬದಲಾಗಲಿಲ್ಲವೆಂಬುದನ್ನು ಹರಿಕಥೆಗಳಲ್ಲಿ ನಾವೆಲ್ಲರೂ ಕೇಳಿದ್ದೇವೆ; ಕೇಳಿ, ಅವನು ದೇವರು, ಅವನಿಗೆ ಸಾಧ್ಯ, ನಮಗೆಲ್ಲಿ ಬಂತು ಎಂದು ಮನೆಗೆ ಹೋಗಿ ಮಲಗಿದ್ದೇವೆ. ಆದರೆ ವಾಲ್ಮೀಕಿ ಮಹರ್ಷಿಯು ಆ ದಿನವನ್ನು ಘಳಿಗೆ ಘಳಿಗೆಯಾಗಿ ಬಿಡಿಸಿ ಬರೆದಿದ್ದಾನೆ. ಅದನ್ನು ಸಾವಧಾನವಾಗಿ ಓದಿದರೆ ಬೇರೊಂದು ಚಿತ್ರ ಕಾಣುತ್ತದೆ.

ಕೈಕೇಯಿಯ ಬಾಯಿಂದ ಸುದ್ದಿಯನ್ನು ಕೇಳಿದ ರಾಮನು ಅವಳ ಮೇಲೆ ರೇಗುವುದಿಲ್ಲ. ದೊರೆ ತಾನಾಗಿಯೇ ಇದನ್ನು ನನಗೆ ಹೇಳಲಿಲ್ಲವಲ್ಲಾ ಎಂಬುದೊಂದೇ ಬೇಸರವೆನ್ನುತ್ತಾನೆ. ಹೊರಗೆ ಬಂದು, ಅಭಿಷೇಕಕ್ಕೆಂದು ಅಣಿಮಾಡಿಟ್ಟ ಸಾಮಗ್ರಿಗಳಿಗೆ ಪ್ರದಕ್ಷಿಣೆ ಮಾಡಿ, ಅವುಗಳ ಮೇಲೆ ದೃಷ್ಟಿಯನ್ನು ನಿಲ್ಲಿಸದೆ ಮುಂದೆ ನಡೆಯುತ್ತಾನೆ. ಲಕ್ಷ್ಮಣನು ಬೆಂಕಿಯಾದಾಗ ಅವನಿಗೆ ಹೇಳುವ ಸಮಾಧಾನವು ಬಹು ವಿಚಿತ್ರವಾದುದು. ಈ ತಾಯಿ ಇದುವರೆಗೆ ನನ್ನನ್ನೂ ಭರತನನ್ನೂ ಬೇರೆಯಾಗಿ ಕಂಡವಳಲ್ಲ. ಅಂಥವಳು ಈ ಹೊತ್ತು ಹೀಗೆ ಮಾತನಾಡಬೇಕಾದರೆ ಅದು ದೈವದ ಕೆಲಸವೇ ಹೊರತು ಅವಳದಲ್ಲ, ಎಂಬುದು ಅವನ ವಾದ. ನಾವು ದೈವವನ್ನು ನೆನೆಯುವುದು ನಮ್ಮ ತಪ್ಪನ್ನು ಜಾರಿಸಿಕೊಳ್ಳುವುದಕ್ಕೆ. ಅವನು ನೆನೆದದ್ದು ಇನ್ನೊಬ್ಬರ ತಪ್ಪನ್ನು ಹಗುರಮಾಡುವುದಕ್ಕೆ. ಹಳೆಯ ಹತ್ತು ಹದಿನೈದು ವರ್ಷಗಳ ಪ್ರೀತಿಯನ್ನು ಒಂದು ಬೆಳಗಿನ ಕಠೋರ ಮಾತಿನ ಎದುರಿಗೆ ತೂಗಿ ನೋಡುವ ತಾಳ್ಮೆ ಇದು. ಅಭಿಷೇಕಕ್ಕೆ ತುಂಬಿಟ್ಟ ಈ ಕಲಶಗಳ ನೀರೇ ನನ್ನ ತಪೋವ್ರತದ ಸ್ನಾನಕ್ಕೆ ಆಗಲಿ ಎಂದು ಹೇಳಿ, ಮರುಕ್ಷಣವೇ, ರಾಜದ್ರವ್ಯವಾದ ಅದು ನನಗೇಕೆ, ನಾನೇ ಎತ್ತಿಕೊಂಡ ನೀರು ಸಾಕು ಎನ್ನುತ್ತಾನೆ. ಮನಸ್ಸು ಹೊಸ ಸ್ಥಿತಿಗೆ ತನ್ನನ್ನು ಹೊಂದಿಸಿಕೊಳ್ಳುತ್ತಿರುವ ಸದ್ದು ಈ ಮಾತಿನಲ್ಲಿ ಕೇಳಿಸುತ್ತದೆ.

ಅನಂತರ ಸೀತೆಯ ಅಂತಃಪುರಕ್ಕೆ ಹೋಗುತ್ತಾನೆ. ಅಲ್ಲಿ, ತನ್ನವಳ ಎದುರಿಗೆ, ಅವನ ಮುಖ ಬಾಡುತ್ತದೆ, ಮೈ ಬೆವರುತ್ತದೆ. ಇದೇನೆಂದು ಸೀತೆಯೇ ಗಾಬರಿಯಿಂದ ಕೇಳಬೇಕಾಗುತ್ತದೆ. ಗಂಗೆಯನ್ನು ದಾಟಿ, ಸುಮಂತ್ರನನ್ನು ಹಿಂದಕ್ಕೆ ಕಳುಹಿಸಿ, ಮರದ ಕೆಳಗೆ ಕಳೆದ ಮೊದಲ ರಾತ್ರಿಯಲ್ಲಂತೂ ರಾಮನು ತಂದೆಯನ್ನು ಆಕ್ಷೇಪಿಸುತ್ತಾನೆ, ಕೈಕೇಯಿಯ ಮೇಲೆ ಶಂಕೆಪಡುತ್ತಾನೆ, ಕಣ್ಣೀರು ಸುರಿಸುತ್ತಾನೆ. ಹಿಂದೆ ಬೆಂಕಿಯಾಗಿದ್ದ ಲಕ್ಷ್ಮಣನೇ ಆಗ ಅವನನ್ನು ಸಂತೈಸಬೇಕಾಗುತ್ತದೆ. ಹರಿಕಥೆಗಳಲ್ಲಿ ಈ ಭಾಗವನ್ನು ಬೇಗ ದಾಟಿಸಿಬಿಡುವರು. ನನಗೆ ಇದು ಅತ್ಯಂತ ಬೆಲೆಯುಳ್ಳ ಭಾಗ. ರಾಮನಿಗೆ ದುಃಖವಾಗಲಿಲ್ಲವೆಂದು ಕವಿ ಹೇಳಲಿಲ್ಲ. ಆ ದುಃಖವನ್ನು ಎಲ್ಲಿ ಇಳಿಸಬೇಕು, ಎಲ್ಲಿ ಇಳಿಸಬಾರದೆಂಬ ಆಯ್ಕೆ ಅವನದಾಗಿತ್ತೆಂದು ತೋರಿಸಿದ್ದಾನೆ. ಕುಸಿದು ಕುಳಿತ ಮುದುಕ ತಂದೆಯ ಮುಂದೆ ಇಳಿಸಲಿಲ್ಲ. ಬೀದಿಯಲ್ಲಿ ಕಾದಿದ್ದ ಜನರ ಮುಂದೆ ಇಳಿಸಲಿಲ್ಲ. ಅದನ್ನು ಹೊರಬಲ್ಲವರ ಮುಂದೆ, ಹೊತ್ತು ನೋಡಿ, ಇಳಿಸಿದನು.

ಮುಖವನ್ನು ಮಾತ್ರ ಬಿಗಿಹಿಡಿದರೆ ಸಾಲದೆಂಬುದನ್ನು ಈಚಿನ ಶಾಸ್ತ್ರಜ್ಞರೂ ಕಂಡಿದ್ದಾರೆ. ವಿಲಿಯಂ ಜೇಮ್ಸ್ ಎಂಬ ಅಮೆರಿಕದ ತತ್ತ್ವಜ್ಞನು ೧೮೮೪ರಲ್ಲಿ ಒಂದು ಪ್ರಸಿದ್ಧ ಲೇಖನವನ್ನು ಬರೆದು, ನಾವು ದುಃಖಪಟ್ಟು ಅಳುತ್ತೇವೆನ್ನುವುದಕ್ಕಿಂತ ಅಳುವುದರಿಂದಲೇ ದುಃಖವನ್ನು ಅನುಭವಿಸುತ್ತೇವೆನ್ನುವುದು ಯುಕ್ತವೆಂದು ವಾದಿಸಿದನು. ಹಾಗಾದರೆ ನಕ್ಕು ಕುಳಿತರೆ ಸಂತೋಷ ಬರಬೇಕಲ್ಲವೆ? ಬರುತ್ತದೆ, ಆದರೆ ಬಹಳವಲ್ಲ. ಹತ್ತೊಂಬತ್ತು ದೇಶಗಳ ಸುಮಾರು ಮೂರು ಸಾವಿರದ ಎಂಟುನೂರು ಜನರನ್ನು ಪರೀಕ್ಷಿಸಿ ೨೦೨೨ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಬೇಕೆಂದೇ ತಂದುಕೊಂಡ ನಗುವಿನಿಂದ ಮನಸ್ಸಿಗೆ ಆಗುವ ಲಾಭ ಅಲ್ಪ. ಇದಕ್ಕಿಂತ ಮುಖ್ಯವಾದುದು ಜೇಮ್ಸ್ ಗ್ರಾಸ್ ಎಂಬ ವಿದ್ವಾಂಸರು ೧೯೯೮ರಲ್ಲಿ ಪ್ರಕಟಿಸಿದ ಪ್ರಯೋಗ. ಶಸ್ತ್ರಚಿಕಿತ್ಸೆಯ ಭಯಂಕರವಾದ ಒಂದು ಚಲನಚಿತ್ರವನ್ನು ಅವರು ಜನರಿಗೆ ತೋರಿಸಿದರು. ಕೆಲವರಿಗೆ, ನಿಮ್ಮ ಮನೋಭಾವ ಮುಖದಲ್ಲಿ ಕಾಣದಂತೆ ಅಡಗಿಸಿರಿ ಎಂದರು. ಬೇರೆ ಕೆಲವರಿಗೆ, ಇದನ್ನು ವೈದ್ಯಶಾಸ್ತ್ರದ ಒಂದು ಕ್ರಿಯೆಯೆಂದು ಭಾವಿಸಿ ನೋಡಿರಿ ಎಂದರು. ಮುಖ ಅಡಗಿಸಿದವರ ಒಳಗಿನ ಜುಗುಪ್ಸೆ ಒಂದಿಷ್ಟೂ ಕಡಮೆಯಾಗಲಿಲ್ಲ. ದೇಹದೊಳಗಿನ ಉದ್ವೇಗವು ಹೆಚ್ಚಿತು. ನೋಡುವ ಬಗೆಯನ್ನು ಮೊದಲೇ ಬದಲಿಸಿಕೊಂಡವರಿಗೆ ಜುಗುಪ್ಸೆಯೇ ಕಡಮೆಯಾಯಿತು. ಹೊರಗೆ ನಗುತ್ತ ಒಳಗೆ ಹಲ್ಲು ಕಡಿಯುವುದು ಒಂದು. ಆದ ಸಂಗತಿಗೆ ಬೇರೊಂದು ಹೆಸರನ್ನು ಕಂಡುಹಿಡಿಯುವುದು ಇನ್ನೊಂದು. ಆ ಹೆಸರು ಸುಳ್ಳಾಗಿರಬೇಕಾಗಿಲ್ಲ. ಚಲನಚಿತ್ರದಲ್ಲಿದ್ದುದು ನಿಜವಾಗಿಯೂ ವೈದ್ಯಕ್ರಿಯೆಯೇ ಆಗಿತ್ತಷ್ಟೆ.

ಹೀಗೆ ಬೇರೆ ಹೆಸರನ್ನು ಕಂಡುಹಿಡಿದ ಒಬ್ಬನ ಕಥೆಯನ್ನು ಹೇಳುತ್ತೇನೆ. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಥಾಮಸ್ ಕಾರ್ಲೈಲನ ಹೆಸರು ಹೊಸದಲ್ಲ. ೧೮೩೪ರಲ್ಲಿ ಅವನು ಸ್ಕಾಟ್ಲೆಂಡಿನಿಂದ ಲಂಡನ್ನಿಗೆ ಬಂದು ಚೆಲ್ಸೀ ಎಂಬ ಕಡೆಯಲ್ಲಿ ಮನೆ ಮಾಡಿದನು. ಕೈಯಲ್ಲಿ ಹಣ ಸ್ವಲ್ಪ, ವಯಸ್ಸು ನಲವತ್ತನ್ನು ಸಮೀಪಿಸುತ್ತಿತ್ತು, ಹೆಸರಿನ್ನೂ ಬಂದಿರಲಿಲ್ಲ. ಫ್ರಾನ್ಸಿನ ಮಹಾಕ್ರಾಂತಿಯ ಇತಿಹಾಸವನ್ನು ಬರೆದು ಅದರಿಂದ ತನ್ನ ಅದೃಷ್ಟವನ್ನು ಪರೀಕ್ಷಿಸಬೇಕೆಂದು ಅವನು ನಿಶ್ಚಯಿಸಿದ್ದನು. ಅದಕ್ಕೆ ಬೇಕಾದ ಪುಸ್ತಕಗಳನ್ನು ಒದಗಿಸಿಕೊಟ್ಟವನು ಸ್ನೇಹಿತನಾದ ಜಾನ್ ಸ್ಟೂಅರ್ಟ್ ಮಿಲ್; ಆ ಇತಿಹಾಸವನ್ನು ತಾನೇ ಬರೆಯಬೇಕೆಂಬ ಯೋಚನೆ ಹಿಂದೆ ಅವನಿಗೂ ಇತ್ತು. ಐದು ತಿಂಗಳು ದುಡಿದು ಕಾರ್ಲೈಲನು ಮೊದಲನೆಯ ಸಂಪುಟವನ್ನು ಮುಗಿಸಿ, ಓದಿ ಅಭಿಪ್ರಾಯ ಹೇಳೆಂದು ಹಸ್ತಪ್ರತಿಯನ್ನು ಮಿಲ್ಲನಿಗೆ ಕೊಟ್ಟನು. ಪ್ರತಿ ಒಂದೇ. ಬರೆಯುತ್ತ ಬರೆಯುತ್ತ ಟಿಪ್ಪಣಿಗಳನ್ನೂ ಹರಿದುಹಾಕಿದ್ದನು.

೧೮೩೫ನೆಯ ಇಸವಿ ಮಾರ್ಚಿ ತಿಂಗಳ ೬ನೆಯ ತಾರೀಖಿನ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಮಿಲ್ಲನು ಒಳಗೆ ಬಂದನು. ಮುಖದಲ್ಲಿ ರಕ್ತವಿರಲಿಲ್ಲ, ಬಾಯಿಂದ ಮಾತು ಹೊರಡಲಿಲ್ಲ. ಬಹಳ ಹೊತ್ತಿನ ಮೇಲೆ ತಿಳಿದುಬಂದದ್ದಿಷ್ಟು: ಹಸ್ತಪ್ರತಿಯನ್ನು ಕೆಲಸದವಳು ಹಳೆಯ ಕಾಗದವೆಂದು ತಿಳಿದು ಒಲೆಗೆ ಹಾಕಿಬಿಟ್ಟಿದ್ದಳು. ಉಳಿದದ್ದು ಹಾಳೆಗಳ ಕೆಲವು ಚೂರುಗಳು.

ಅತಿಥಿಯಾದ ಮಿಲ್ಲನು ಕೂಡಲೆ ಎದ್ದು ಹೋಗಲಿಲ್ಲ. ಮೂರು ಗಂಟೆಗಳಷ್ಟು ಹೊತ್ತು ಅಲ್ಲಿಯೇ ಕುಳಿತಿದ್ದನು. ಕಾರ್ಲೈಲನೂ ಅವನ ಹೆಂಡತಿ ಜೇನಳೂ ಅದೂ ಇದೂ ಮಾತನಾಡುತ್ತ ಅವನ ಮನಸ್ಸನ್ನು ಬೇರೆ ಕಡೆಗೆ ತಿರುಗಿಸಲು ಯತ್ನಿಸಿದರು. ಸುಟ್ಟುಹೋದದ್ದು ಇವರ ಬರಹ. ಸಮಾಧಾನ ಹೇಳಬೇಕಾಗಿ ಬಂದದ್ದೂ ಇವರಿಗೇ. ಕೊನೆಗೆ ಅವನು ಹೊರಟುಹೋದ ಮೇಲೆ ಕಾರ್ಲೈಲನು ಹೆಂಡತಿಯೊಡನೆ ಆಡಿದ ಮೊದಲ ಮಾತನ್ನು ಅವನ ಜೀವನಚರಿತ್ರೆಯನ್ನು ಬರೆದ ಫ್ರೌಡನು ದಾಖಲೆಮಾಡಿದ್ದಾನೆ. ಅದರ ಅಭಿಪ್ರಾಯ ಹೀಗೆ: ಪಾಪ, ಮಿಲ್ಲನು ಬಹಳ ನೊಂದಿದ್ದಾನೆ, ಇದು ನಮಗೆ ಎಷ್ಟು ದೊಡ್ಡ ನಷ್ಟವೆಂಬುದು ಅವನಿಗೆ ಗೊತ್ತಾಗದಂತೆ ನಾವು ನೋಡಿಕೊಳ್ಳಬೇಕು.

ಈ ಮಾತನ್ನಾಡಿದವನು ಸ್ವಭಾವದಿಂದ ಶಾಂತನಲ್ಲ. ಕಾರ್ಲೈಲನ ಮುಂಗೋಪವೂ ಅಜೀರ್ಣವೂ ಪ್ರಸಿದ್ಧವಾಗಿದ್ದುವು. ಅವುಗಳ ಭಾರವನ್ನು ಹೊತ್ತವಳು ಜೇನಳು. ಮುಂದೆ ೧೮೫೩ರಲ್ಲಿ ನೆರೆಮನೆಯ ಕೋಳಿಹುಂಜಗಳ ಕೂಗನ್ನು ತಾಳಲಾರದೆ, ಸದ್ದು ಹೊಗದಂಥ ಒಂದು ಕೊಠಡಿಯನ್ನು ಮನೆಯ ಮೇಲೆ ಕಟ್ಟಿಸತೊಡಗಿದನು. ಅದಕ್ಕೆ ಬಹಳ ಹಣ ಹಿಡಿಯಿತು. ಸದ್ದು ಮಾತ್ರ ನಿಲ್ಲಲಿಲ್ಲ. ಐದು ತಿಂಗಳ ಶ್ರಮ ಬೂದಿಯಾದುದನ್ನು ನುಂಗಿಕೊಂಡವನು ಒಂದು ಹುಂಜಕ್ಕೆ ಸೋತನು! ನಮ್ಮ ಕಾಫಿ ಬಸ್ಸುಗಳ ಸಂಕಟವನ್ನು ಅಲ್ಪವೆಂದು ತಿರಸ್ಕರಿಸಬಾರದೆಂಬುದಕ್ಕೆ ಇದು ಸಾಕ್ಷಿ. ದೊಡ್ಡ ಕೆಡುಕು ಬಂದಾಗ ಮನುಷ್ಯನು ತನ್ನ ಪೂರ್ತಿ ಎತ್ತರಕ್ಕೆ ಎದ್ದು ನಿಲ್ಲುವುದುಂಟು. ಸಣ್ಣ ಕೆಡುಕಿಗಾಗಿ ಎದ್ದು ನಿಲ್ಲಬೇಕೆಂದು ಅವನಿಗೆ ತೋರುವುದೇ ಇಲ್ಲ.

ಆ ರಾತ್ರಿ ಕಾರ್ಲೈಲನಿಗೆ ಸುಖವಾದ ನಿದ್ರೆ ಬರಲಿಲ್ಲ. ತೀರಿಹೋದ ತಂದೆಯೂ ತಂಗಿಯೂ ಕನಸಿನಲ್ಲಿ ಕಂಡರು. ಆದರೆ ಬೇಗನೆಯೇ ಪ್ರಕಾಶಕನಿಗೆ ಹೇಳಿಕಳುಹಿಸಿ ಹೊಸ ಕಾಗದವನ್ನೂ, ಚರಿತ್ರಪುರುಷರ ಒಂದು ದೊಡ್ಡ ಫ್ರೆಂಚ್ ಕೋಶವನ್ನೂ ತರಿಸಲು ಏರ್ಪಾಡು ಮಾಡಿದನು. ಸೋತ ಆಟಗಾರನು ಪಣವನ್ನು ಹೆಚ್ಚಿಸಿದಂತೆ ಇದು. ತನಗೆ ಆದುದಕ್ಕೆ ಅವನು ಕೊಟ್ಟುಕೊಂಡ ಹೆಸರು ಇದಕ್ಕಿಂತ ಸ್ವಾರಸ್ಯವಾದುದು. ಹುಡುಗನು ತೋರಿಸಿದ ಕಾಪಿ ಪುಸ್ತಕವನ್ನು ಉಪಾಧ್ಯಾಯರು ಹರಿದುಹಾಕಿ, ಇದು ಸಾಲದು, ಇನ್ನೂ ಚೆನ್ನಾಗಿ ಬರೆದು ತಾ ಎಂದು ಹೇಳಿದಂತೆ, ಕಣ್ಣಿಗೆ ಕಾಣದ ಉಪಾಧ್ಯಾಯನೊಬ್ಬನು ತನ್ನ ಬರಹವನ್ನು ಹರಿದುಹಾಕಿದ್ದಾನೆಂದು ದಿನಚರಿಯಲ್ಲಿ ಬರೆದುಕೊಂಡನು. ನಷ್ಟವು ನಷ್ಟವಾಗಿಯೇ ಉಳಿಯಿತು. ಅದಕ್ಕೆ ಶಿಕ್ಷೆಯೆಂಬ ಹೆಸರು ಹೋಗಿ ಪಾಠವೆಂಬ ಹೆಸರು ಬಂತು. ಮಿಲ್ಲನು ಪರಿಹಾರವಾಗಿ ೨೦೦ ಪೌಂಡುಗಳನ್ನು ಕೊಡಬಂದಾಗ, ೧೦೦ ಪೌಂಡುಗಳನ್ನು ಮಾತ್ರ ತೆಗೆದುಕೊಂಡನು. ಏನನ್ನೂ ತೆಗೆದುಕೊಳ್ಳದಿದ್ದರೆ ಕಥೆಗೆ ಶೋಭೆ ಹೆಚ್ಚುತ್ತಿತ್ತೋ ಏನೋ. ಸ್ನೇಹಿತನ ಮನಸ್ಸಿನ ಹೊರೆ ಇಳಿಯುತ್ತಿರಲಿಲ್ಲ, ಕಾರ್ಲೈಲನ ಮನೆಯೂ ನಡೆಯುತ್ತಿರಲಿಲ್ಲ.

ಆಮೇಲಾದರೂ ಕೆಲಸ ಸುಲಭವಾಗಿ ನಡೆಯಿತೆ? ಇಲ್ಲ. ಬರೆಯಲು ಕುಳಿತರೆ ವಾಕ್ಯ ಹೊರಡದು. ಹಿಂದೆ ಬರೆದದ್ದು ನೆನಪಿಗೆ ಬಾರದು, ಹೊಸದು ಹೊಳೆಯದು. ಕೆಲವು ವಾರ ಹೀಗೆ ಹೆಣಗಾಡಿ, ಕಡೆಗೆ ಕಾಗದಗಳನ್ನು ಕಟ್ಟಿಟ್ಟು, ಕ್ಯಾಪ್ಟನ್ ಮ್ಯಾರಿಯಟ್ಟನ ಸಮುದ್ರಕಥೆಗಳು ಮೊದಲಾದ ಹಗುರವಾದ ಕಾದಂಬರಿಗಳನ್ನು ರಾಶಿ ಹಾಕಿಕೊಂಡು ಓದುತ್ತ ಬಿದ್ದುಕೊಂಡನು. ಕಾರ್ಲೈಲನಂಥ ಗಂಭೀರ ಪುರುಷನ ಚರಿತ್ರೆಯಲ್ಲಿ ಈ ವಾರಗಳು ನನಗೆ ಬಹು ಪ್ರಿಯವಾದುವು. ಒಳ್ಳೆಯ ದೃಷ್ಟಿಯನ್ನು ಆರಿಸಿಕೊಂಡವನು ಮರುದಿನವೇ ಸೊಂಟ ಕಟ್ಟಿ ನಿಲ್ಲಬೇಕೆಂಬ ನಿಯಮವಿಲ್ಲ. ಅವನಿಗೂ ಬಿಡುವು ಬೇಕು. ಕೆಲಸಕ್ಕೆ ಬಾರದ ಒಂದು ಕಥೆಪುಸ್ತಕ ಬೇಕು. ನಮ್ಮ ಮನೆಗಳಲ್ಲಿ ಹೊರಗಿನಿಂದ ಬಂದವರು ಒಳಗೆ ಕಾಲಿಡುವ ಮುನ್ನ ಒಂದು ಚೆಂಬು ನೀರಿನಿಂದ ಕಾಲು ತೊಳೆದುಕೊಳ್ಳುತ್ತಿದ್ದ ಪದ್ಧತಿಯಲ್ಲಿಯೂ ಇಂಥದೇ ಒಂದು ಬಿಡುವಿತ್ತೆಂದು ನನ್ನ ಭಾವನೆ. ಬೀದಿಯ ಧೂಳನ್ನು ಬಚ್ಚಲ ಕಲ್ಲಿನ ಮೇಲೆ ಬಿಡುವುದಕ್ಕೆ ಎರಡು ನಿಮಿಷ ಸಾಕು. ಅಷ್ಟರಲ್ಲಿ ಮುಖವೂ ತಣ್ಣಗಾಗುತ್ತಿತ್ತು. ಮಗು ಚಿತ್ರವನ್ನು ಹಿಡಿದುಕೊಂಡು ಅಷ್ಟು ಹೊತ್ತು ಕಾಯಬಲ್ಲುದು.

ಬೇಸಗೆಯಲ್ಲಿ ಕಾರ್ಲೈಲನು ಕಾಗದಗಳನ್ನು ಮತ್ತೆ ಬಿಚ್ಚಿದನು. ಸುಟ್ಟ ಸಂಪುಟವನ್ನು ೧೮೩೫ರ ಸೆಪ್ಟೆಂಬರಿನಲ್ಲಿ ಎರಡನೆಯ ಸಲ ಬರೆದು ಮುಗಿಸಿದನು. ಉಳಿದೆರಡು ಸಂಪುಟಗಳು ೧೮೩೭ರ ಜನವರಿಯಲ್ಲಿ ಮುಗಿದುವು. ಅದೇ ವರ್ಷ ಪುಸ್ತಕ ಅಚ್ಚಾಯಿತು. ಈಗ ನಮ್ಮ ಕೈಗೆ ಬರುವುದು ಆ ಎರಡನೆಯ ಬರಹ. ಮೊದಲನೆಯದು ಇದಕ್ಕಿಂತ ಮೇಲಾಗಿತ್ತೋ ಕೀಳಾಗಿತ್ತೋ ಹೇಳುವವರಿಲ್ಲ. ಪುಸ್ತಕದ ಶೈಲಿ ವಿಲಕ್ಷಣವಾದುದು. ವಿಮರ್ಶಕರು ಅದನ್ನು ಹೇಗೆ ಸ್ವೀಕರಿಸುವರೋ ಎಂಬ ಸಂದೇಹವಿದ್ದೇ ಇತ್ತು. ಆ ವರ್ಷದ ಜುಲೈ ತಿಂಗಳಲ್ಲಿ ಲಂಡನ್ನಿನ ಒಂದು ದೊಡ್ಡ ಪತ್ರಿಕೆಯಲ್ಲಿ ದೀರ್ಘವಾದ ವಿಮರ್ಶೆಯೊಂದು ಪ್ರಕಟವಾಯಿತು. ಇದು ಇತಿಹಾಸವೆನ್ನುವುದಕ್ಕಿಂತ ಮಹಾಕಾವ್ಯವೆನ್ನತಕ್ಕದ್ದೆಂದೂ, ಹಾಗಿದ್ದರೂ ಅತ್ಯಂತ ನಿಜವಾದ ಇತಿಹಾಸವೆಂದೂ ಅದರಲ್ಲಿ ಹೊಗಳಿದ್ದಿತು. ಪುಸ್ತಕದ ಕೀರ್ತಿಗೆ ಅದು ಬಹುಮಟ್ಟಿಗೆ ಕಾರಣವಾಯಿತು. ಆ ವಿಮರ್ಶೆಯನ್ನು ಬರೆದವನು ಮಿಲ್.